ಕಾಪು ದೀಪಸ್ತಂಭ: ಬಣ್ಣ ಬಳಿಯುವ ಮೊದಲು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಡಿಸೆಂಬರ್‌ನಲ್ಲಿ ಮೊಮ್ಮಗನನ್ನು ಕರೆದುಕೊಂಡು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿದು, ಕಾರ್ಕಳದ ದಾರಿಯಾಗಿ ಕಾಪುವಿಗೆ ಹೋಗಿದ್ದೆ. ಅಲ್ಲಿಯ ಕಡಲತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ದೀಪಸ್ತಂಭದೊಳಕ್ಕೆ ಸಂಜೆ ಹೊತ್ತು ಜನರನ್ನು ಬಿಡುತ್ತಾರೆ. ಸುರುಳಿ ಮೆಟ್ಟಿಲು ಹತ್ತುವಾಗ ಯಾರೋ ಬೀಗದ ಕೈಯಿಂದ ಗೋಡೆ ಕೆರೆದು ಬರೆದ ಜೋಡಿ ಹೆಸರುಗಳು ಕಂಡವು. ಗೀರು ಆಳವಾಗಿದ್ದ ಕಡೆ ಒಂದರ ಕೆಳಗೊಂದು ಮೂರು ಬಣ್ಣದ ಪದರಗಳು ಎದ್ದು ಕಾಣುತ್ತಿದ್ದವು. ಮೂವತ್ತು ವರ್ಷ ಕಟ್ಟಡ ಕೆಲಸದ ಮೇಲ್ವಿಚಾರಣೆಯಲ್ಲೇ ಕಳೆದ ನನ್ನ ಕಣ್ಣು ಹೆಸರುಗಳಿಗಿಂತ ಹೆಚ್ಚಾಗಿ ಆ ಪದರಗಳ ಮೇಲೆ ನಿಂತಿತು. ದೇಶದ ದೀಪಸ್ತಂಭಗಳನ್ನು ಪ್ರವಾಸಿ ತಾಣಗಳನ್ನಾಗಿ ಮಾಡುವ ಉತ್ಸಾಹ ಹೆಚ್ಚಿರುವ ಈ ದಿನಗಳಲ್ಲಿ, ಕಾಪುವಿನ ಸ್ತಂಭದ ಗೋಡೆ, ಗಾರೆ, ಯಂತ್ರಗಳ ದಾಖಲೆಯನ್ನು ಪೂರ್ತಿ ಮಾಡಿ, ಅದಕ್ಕೆ ಕಾನೂನಿನ ಪ್ರಕಾರ ಪಾರಂಪರಿಕ ಸ್ಥಾನವನ್ನು ಕೊಟ್ಟ ನಂತರವೇ ದೊಡ್ಡ ದುರಸ್ತಿಗೆ ಕೈ ಹಾಕಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಘಟ್ಟದ ಮೇಲಿನವನಿಗೆ ಕಡಲ ದೀಪದ ಉಸಾಬರಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ಸ್ತಂಭ ಎದ್ದಾಗ ಕಾಪು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು, ನಮ್ಮ ಮೂಡಿಗೆರೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿತ್ತು. ಆಳುವವರು ಬೇರೆಯಾಗಿದ್ದರೂ ಕಾಫಿಗೆ ಆ ಗಡಿ ಅಡ್ಡಿಯಾಗಲಿಲ್ಲ. ನಮ್ಮ ತೋಟಗಳ ಬೆಳೆ ಎತ್ತಿನ ಗಾಡಿಗಳಲ್ಲಿ ಘಾಟಿ ಇಳಿದು, ಮಂಗಳೂರಿನ ಕಾಫಿ ಸಂಸ್ಕರಣಾ ಕಾರ್ಖಾನೆಗಳಲ್ಲಿ ಹಸನಾಗಿ, ಮಳೆಗಾಲ ಕಳೆದು ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ಹಡಗು ಏರುತ್ತಿತ್ತು. ಬೊಂಬಾಯಿ ಕಡೆಯಿಂದ ಮಂಗಳೂರಿಗೆ ಬರುವ ಹಡಗು ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳನ್ನೂ ಆಸುಪಾಸಿನ ಬಂಡೆಗಳನ್ನೂ ತಪ್ಪಿಸಿಕೊಂಡು, ಕಾಪುವಿನ ಎದುರಿನಿಂದಲೇ ಸಾಗಬೇಕು.

ಇನ್ನೊಂದು ನಂಟು ಇದಕ್ಕಿಂತ ಹಳೆಯದು. ಸಂಸೆ ಪರ್ವತವೆಂದು ಕರೆಸಿಕೊಳ್ಳುತ್ತಿದ್ದ ನಮ್ಮ ಕುದುರೆಮುಖ ಶಿಖರವನ್ನು ಅರಬ್ಬಿ ಸಮುದ್ರದ ನಾವಿಕರು ದಾರಿಯ ಗುರುತಾಗಿ ಬಳಸುತ್ತಿದ್ದರು. ಲೆಕ್ಕ ಹಾಕಿದರೆ, 1,890 ಮೀಟರ್ ದಾಟಿದ ಆ ನೆತ್ತಿ ಭೂಮಿಯ ಬಾಗಿನ ಆಚೆಗೂ, ತಿಳಿಯಾದ ಹಗಲಿನಲ್ಲಿ, 160 ಕಿಲೋಮೀಟರ್ ದೂರದವರೆಗೆ ತಲೆಯೆತ್ತಿ ನಿಲ್ಲಬೇಕು. 27 ಮೀಟರ್ ಎತ್ತರದ ದೀಪ ನೀರಿನ ಮಟ್ಟದಲ್ಲಿರುವ ಕಣ್ಣಿಗೆ ಕಾಣುವುದು ಸುಮಾರು 20 ಕಿಲೋಮೀಟರ್‌ವರೆಗೆ ಮಾತ್ರ. ಆದರೆ ಕತ್ತಲಾದ ಮೇಲೆ ಬೆಟ್ಟದಿಂದ ಪ್ರಯೋಜನವಿಲ್ಲ. ಹಗಲಿನ ಗುರುತು ನಮ್ಮ ಜಿಲ್ಲೆಯದು, ಇರುಳಿನ ಗುರುತು ಕಾಪುವಿನದು ಎಂದು ಮೊಮ್ಮಗನಿಗೆ ಹೇಳಿದಾಗ ಅವನು, 'ಮೊಬೈಲ್‌ನಲ್ಲೇ ಮ್ಯಾಪ್ ಇರುವಾಗ ಇದು ಈಗ ಯಾಕೆ ಅಜ್ಜ?' ಎಂದ. ಕೇಳಬೇಕಾದ ಪ್ರಶ್ನೆಯೇ. ಉಪಗ್ರಹದ ಸಂಕೇತ ಕೈಕೊಟ್ಟಾಗ, ದೋಣಿಯ ಬ್ಯಾಟರಿ ಸತ್ತಾಗ, ಮೀನುಗಾರನಿಗೆ ಬರಿಗಣ್ಣಿಗೆ ಕಾಣುವ ದೀಪವೇ ಗತಿಯೆಂದು ಉತ್ತರಿಸಿದೆ. ಎಷ್ಟು ಸಲ ಮಿನುಗುತ್ತದೆ, ಎಷ್ಟು ಸೆಕೆಂಡಿಗೊಮ್ಮೆ ಮಿನುಗುತ್ತದೆ ಎಂಬುದು ಅಕ್ಕಪಕ್ಕದ ದೀಪಸ್ತಂಭಗಳಲ್ಲಿ ಬೇರೆ ಬೇರೆಯಾಗಿರುವುದರಿಂದ, ಅದನ್ನು ಎಣಿಸಿಯೇ ತಾನು ಯಾವ ಊರಿನ ಎದುರಿದ್ದೇನೆಂದು ಅವನು ತಿಳಿಯಬಲ್ಲ.

ಆ ಮಿನುಗಿನ ಹಿಂದಿನ ಕುಶಲತೆಯ ಬಗ್ಗೆ ಎರಡು ಮಾತು. 1820ರ ದಶಕದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಒಗುಸ್ತಿನ್ ಫ್ರೆನೆಲ್ ರೂಪಿಸಿದ ಮಸೂರವು ಗಾಜಿನ ಪಟ್ಟಕಗಳನ್ನು ಉಂಗುರಗಳಂತೆ ಜೋಡಿಸಿ, ಸುತ್ತಲೂ ಚದುರಿಹೋಗುವ ಬೆಳಕನ್ನು ಒಂದೇ ದಿಕ್ಕಿನ ಕೋಲಾಗಿ ತಿರುಗಿಸುತ್ತದೆ. ಕಾಪುವಿನ ಸ್ತಂಭ ಹುಟ್ಟಿದ ಕಾಲಕ್ಕೆ ಭಾರವಾದ ಮಸೂರವನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿ ಸಲೀಸಾಗಿ ತಿರುಗಿಸುವ ವಿಧಾನವೂ ಬಂದಿತ್ತು. ತಿರುಗಿಸಲು ವಿದ್ಯುತ್ ಇರಲಿಲ್ಲ. ಗೋಡೆ ಗಡಿಯಾರದಲ್ಲಿರುವಂತೆ ತೂಕದ ಗುಂಡು ಸ್ತಂಭದೊಳಗೆ ಮೆಲ್ಲನೆ ಇಳಿಯುತ್ತ ಹಲ್ಲುಚಕ್ರಗಳನ್ನು ನಡೆಸುತ್ತಿತ್ತು, ಇಳಿದ ಗುಂಡನ್ನು ಕಾವಲುಗಾರ ರಾತ್ರಿಯೆಲ್ಲ ಮತ್ತೆ ಮತ್ತೆ ಮೇಲಕ್ಕೆ ಸುತ್ತಬೇಕಾಗಿತ್ತು. ಹಗಲಿನಲ್ಲಿ ಮಸೂರದ ಸುತ್ತ ಪರದೆ ಎಳೆಯದಿದ್ದರೆ ಸೂರ್ಯನ ಬಿಸಿಲೇ ಒಳಗೆ ಕೇಂದ್ರೀಕರಿಸಿ ದೀಪದ ಭಾಗಗಳನ್ನು ಸುಡಬಲ್ಲುದು ಎಂಬುದನ್ನು ಎಷ್ಟು ಪ್ರವಾಸಿಗರು ಬಲ್ಲರು? ಸೀಮೆಎಣ್ಣೆ ಹೋಗಿ ವಿದ್ಯುತ್ ಬಂದು ಈಗ ಎಲ್‌ಇಡಿ ಬರುತ್ತಿರುವಾಗ, ಜಗತ್ತಿನ ಅನೇಕ ಕಡೆ ಇಂತಹ ಮಸೂರಗಳು ಮೂಲೆ ಸೇರಿವೆ. ಹೊಸ ದೀಪ ಬರಲಿ, ನನ್ನ ತಕರಾರಿಲ್ಲ. ಹಳೆಯ ಗಾಜು, ಹಿತ್ತಾಳೆಯ ತುಂಡುಗಳೂ ದಿನಚರಿ ಪುಸ್ತಕಗಳೂ ಗುಜರಿಗೆ ಹೋಗದೆ ಅದೇ ಆವರಣದಲ್ಲಿ ಉಳಿಯಲಿ.

ಗಾರೆಯ ವಿಷಯ ಇನ್ನೂ ಸೂಕ್ಷ್ಮ, ಮತ್ತು ಇದನ್ನು ನಾನು ತಪ್ಪು ಮಾಡಿ ಕಲಿತೆ. ನೌಕರಿಯಲ್ಲಿದ್ದಾಗ ನಮ್ಮ ಕಡೆಯ ಹಳೆಯ ಬಂಗಲೆಯೊಂದರ ಸುಣ್ಣದ ಗಾರೆ ಅಲ್ಲಲ್ಲಿ ಉದುರುತ್ತಿದೆಯೆಂದು ಇಡೀ ಗೋಡೆಯನ್ನು ಕೆರೆಸಿ ಸಿಮೆಂಟ್ ಹೊಡೆಸಲಾಯಿತು. ಅಂದಾಜು ಪಟ್ಟಿಗೆ ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಮುದಿ ಮೇಸ್ತ್ರಿಯೊಬ್ಬರು ಬೇಡವೆಂದರು, ನಾವು ಕೇಳಲಿಲ್ಲ. ನಾಲ್ಕನೆಯ ಮಳೆಗಾಲಕ್ಕೆ ಗೋಡೆ ಅಂಗೈಯಗಲ ಉಬ್ಬಿತ್ತು, ಬೆರಳ ಗೆಣ್ಣಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತಿತ್ತು. ಉಬ್ಬನ್ನು ಒಡೆದಾಗ ಒಳಗಿನ ಇಟ್ಟಿಗೆ ಒದ್ದೆ ಹಿಟ್ಟಿನಂತೆ ಬೆರಳಿಗೆ ಬಂತು. ಸುಣ್ಣದ ಗಾರೆ ತೇವವನ್ನು ಹೀರಿಕೊಂಡು ಬಿಸಿಲಿಗೆ ಹೊರಕ್ಕೆ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಮಲೆನಾಡಿನ ಸಿಹಿನೀರಿನ ಮಳೆಯಲ್ಲೇ ಹೀಗಾದರೆ, ಅಲೆಯ ಸಿಂಪರಣೆ ಗಾಳಿಯಲ್ಲಿ ಸದಾ ಹಾರುವ ಕಡಲ ದಂಡೆಯ ಪಾಡು ಬೇರೆಯೇ. ಅಲ್ಲಿ ತೇವದ ಜೊತೆ ಉಪ್ಪೂ ಒಳಗೆ ಹೋಗುತ್ತದೆ. ನೀರು ಆರಿದಂತೆ ಉಪ್ಪು ಹರಳುಗಟ್ಟಿ ಕಲ್ಲಿನ ಮೈಯನ್ನೇ ಪದರ ಪದರವಾಗಿ ಎಬ್ಬಿಸುತ್ತದೆ. ಗಾಳಿಯಾಡದ ಆಯಿಲ್ ಪೇಂಟ್‌ನ ಪದರಗಳು ಕೂಡ ಇದೇ ಕೆಲಸ ಮಾಡುತ್ತವೆ. ಆದ್ದರಿಂದ, ಹೊಸ ಬಣ್ಣದ ಡಬ್ಬ ತೆರೆಯುವ ಮೊದಲು ಹಳೆಯ ಗಾರೆಯ ಮಾದರಿಯನ್ನು ಪ್ರಯೋಗಾಲಯದಲ್ಲಿ ನೋಡಿಸಿ, ಅದಕ್ಕೆ ಹೊಂದುವ ಸುಣ್ಣವನ್ನೇ ಬಳಸಬೇಕು. ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡುವ ಪದ್ಧತಿ ಕರಾವಳಿಯದೇ ಆಗಿರುವುದರಿಂದ ಇದು ಆಗದ ಕೆಲಸವೇನಲ್ಲ.

ಕಾನೂನಿನ ಬಲವೂ ಇದಕ್ಕಿದೆ. 1927ರ ಲೈಟ್‌ಹೌಸ್ ಕಾಯ್ದೆಯ ಜಾಗಕ್ಕೆ ಬಂದ 2021ರ ಮೆರೈನ್ ಏಡ್ಸ್ ಟು ನ್ಯಾವಿಗೇಷನ್ ಕಾಯ್ದೆಯು, ನೌಕಾಯಾನದ ಕೆಲಸದ ಜೊತೆಗೆ ಶಿಕ್ಷಣ, ಸಂಸ್ಕೃತಿ, ಪ್ರವಾಸೋದ್ಯಮದ ಉದ್ದೇಶಗಳಿಗಾಗಿ ಒಂದು ದೀಪಸ್ತಂಭವನ್ನು ಪಾರಂಪರಿಕವೆಂದು ಘೋಷಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ನಮ್ಮ ಕರಾವಳಿಯಲ್ಲಿ ಈ ಅವಕಾಶಕ್ಕೆ ಕಾಪುವಿಗಿಂತ ಯೋಗ್ಯವಾದ ಸ್ತಂಭ ನನಗೆ ತೋರದು. ಸೆಲ್ಫಿ ಚೌಕಟ್ಟು, ಬಣ್ಣದ ದೀಪಗಳ ಸರ ಇವೆಲ್ಲ ಬೇಡವೆಂದು ನಾನು ಹೇಳುತ್ತಿಲ್ಲ, ಆದರೂ ಬಣ್ಣದ ದೀಪಗಳ ಮಾಲೆ ತೊಟ್ಟ ದೀಪಸ್ತಂಭವನ್ನು ಕಡಲಿನಿಂದ ನೋಡುವವನಿಗೆ ಏನು ಅರ್ಥವಾಗಬೇಕೆಂಬುದನ್ನು ಸಂಬಂಧಪಟ್ಟವರು ಒಮ್ಮೆ ಯೋಚಿಸಬೇಕು. ಕೈಯಲ್ಲಿ ಗುಂಡು ಸುತ್ತಿ, ಬತ್ತಿ ಒರೆಸಿ ದೀಪ ನಡೆಸಿದ ಹಳೆಯ ಕಾವಲುಗಾರರಲ್ಲಿ ಎಲ್ಲೇ ಯಾರೇ ಉಳಿದಿದ್ದರೂ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸಕ್ಕೆ ಟೆಂಡರ್ ಕೂಡ ಬೇಕಿಲ್ಲ, ಹತ್ತಿರದ ಕಾಲೇಜೊಂದರ ಇತಿಹಾಸ ವಿಭಾಗ ಮನಸ್ಸು ಮಾಡಿದರೆ ಸಾಕು.

ಕೊನೆಯದಾಗಿ ಒಂದು ಲೆಕ್ಕಾಚಾರ. ಸುಣ್ಣದ ಗಾರೆ ಸಿಮೆಂಟಿನಂತೆ ಒಂದೆರಡು ದಿನಕ್ಕೆ ಬಿಗಿಯುವುದಿಲ್ಲ, ಗಾಳಿ ಕುಡಿದು ನಿಧಾನವಾಗಿ ಗಟ್ಟಿಯಾಗುತ್ತದೆ. ಜೂನ್ ಮೊದಲ ವಾರಕ್ಕೆ ಕರಾವಳಿಗೆ ಮುಂಗಾರು ಬರುವುದರಿಂದ, ಗೋಡೆಯ ಕೆಲಸ ಮಾರ್ಚ್ ಒಳಗೆ ಮುಗಿದಿರಬೇಕು. ಹಾಗೆ ಮುಗಿಯಬೇಕಾದರೆ ಪರೀಕ್ಷೆ, ನಕ್ಷೆ, ಛಾಯಾಚಿತ್ರಗಳ ದಾಖಲೆ ಹಿಂದಿನ ದೀಪಾವಳಿಗೇ ಸಿದ್ಧವಾಗಿರಬೇಕು. ಆರ್ಥಿಕ ವರ್ಷದ ಕೊನೆಯಲ್ಲಿ ಹಣ ಬಿಡುಗಡೆಯಾಗಿ, ಏಪ್ರಿಲ್‌ನಲ್ಲಿ ಗುತ್ತಿಗೆದಾರ ಸಿಕ್ಕಿ, ಮೇ ತಿಂಗಳಲ್ಲಿ ಅವಸರದ ಸಿಮೆಂಟ್ ಬೀಳುವ ನಮ್ಮ ಮಾಮೂಲಿ ಪಂಚಾಂಗವನ್ನು ಈ ಒಂದು ಕಟ್ಟಡದ ಮಟ್ಟಿಗಾದರೂ ಬದಿಗಿಡಬೇಕೆಂದು ವಿನಂತಿ.

– ನಿವೃತ್ತ ಎಂಜಿನಿಯರ್, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ