ದಾಳಿಗೆ ಮುಂಚಿನ ಮಾತು

ಬೆಳಗಾವಿ

ಚಿರಂಜೀವಿ ತಮ್ಮನಿಗೆ ಕಾಕಾನ ಆಶೀರ್ವಾದಗಳು.

ಮೂವತ್ತು ಜವಾನರ ಪ್ಲಟೂನ್ ನಿನ್ನ ಕೈಗೆ ಬಂತೆಂದು ಓದಿ ಎದೆ ತುಂಬಿತು. ಹೋರಾಟಕ್ಕೆ ಹೊರಡುವ ಮುಂಚೆ ಜವಾನರಿಗೆ ಏನು ಹೇಳಬೇಕು ಅಂತ ಕೇಳಿದ್ದಿ. ದೊಡ್ಡ ಭಾಷಣ ಹುಡುಕಬೇಡ. ಗುಂಡು ಹಾರಲು ಶುರುವಾದ ಮೇಲೆ ನಿನ್ನ ದನಿ ಮೂವತ್ತು ಮಂದಿಗೂ ಮುಟ್ಟುವುದಿಲ್ಲ. ಬಂಡೆಯ ಮರೆಯಲ್ಲಿ ಒಬ್ಬನೇ ಬಿದ್ದಿರುವ ಹುಡುಗನಿಗೆ ಮುಂದಿನ ಹೆಜ್ಜೆ ನೆನಪಾಗುವಂಥ ಮಾತು ಬೇಕು.

ಮೊದಲು ಆದೇಶ, ಆಮೇಲೆ ಹುರುಪು. ಸಿಕ್ಕ ಸಮಯದಲ್ಲಿ ಮೂರರಲ್ಲೊಂದು ಪಾಲು ಮಾತ್ರ ನೀನು ಇಟ್ಟುಕೋ, ಉಳಿದದ್ದು ಪ್ಲಟೂನಿನೊಳಗಿನ ಚಿಕ್ಕ ತಂಡಗಳನ್ನು ನಡೆಸುವ ಸೆಕ್ಷನ್ ಕಮಾಂಡರ್‌ಗಳಿಗೆ. ನೆಲದ ಮೇಲೆ ಮಣ್ಣಿನ ಮಾದರಿ ಮಾಡು. ಹಳ್ಳಕ್ಕೆ ಹಗ್ಗ, ಬಂಕರಿಗೆ ಕಲ್ಲು ಸಾಕು. ಪರಿಸ್ಥಿತಿ, ಗುರಿ, ಗುರಿ ಮುಟ್ಟುವ ರೀತಿ, ಮದ್ದುಗುಂಡು-ನೀರು-ಗಾಯಾಳುಗಳ ವ್ಯವಸ್ಥೆ, ಕೊನೆಗೆ ಕಮಾಂಡ್ ಮತ್ತು ಸಂಪರ್ಕ: ಈ ಕ್ರಮ ತಪ್ಪಿಸಬೇಡ. ಗುರಿಯನ್ನು ಎರಡು ಸಲ ಹೇಳು. ‘ತಿಳೀತಾ?’ ಎಂದು ಕೇಳಿದರೆ ‘ಹೌದು ಸಾಬ್’ ಅಂತಲೇ ಬರುತ್ತದೆ, ಅದನ್ನು ನಂಬಬೇಡ. ಹಿಂದೆ ಕೂತ ಹುಡುಗನನ್ನು ಎಬ್ಬಿಸಿ, ಆ ಕಲ್ಲಿನ ಮೇಲೆ ಕೋಲಿಟ್ಟು, ‘ಇಲ್ಲಿ ನಿನ್ನ ಸೆಕ್ಷನ್ ಕಮಾಂಡರ್ ಬಿದ್ದ. ಈಗ ನೀನೇನು ಮಾಡ್ತಿ?’ ಎಂದು ಕೇಳು. ಅವನು ತಡವರಿಸಿದರೆ ತಪ್ಪು ನಿನ್ನ ಆದೇಶದ್ದು, ಮತ್ತೊಮ್ಮೆ ಹೇಳು.

ಹುರುಪಿನ ಮಾತಿಗೆ ನಾಲ್ಕು ನಿಮಿಷ ಬೇಕಾದಷ್ಟಾಯಿತು. ಬಿಸಿಲು ನಿನ್ನ ಮುಖಕ್ಕೆ ಬೀಳಲಿ, ಅವರ ಕಣ್ಣಿಗೆ ಬೇಡ. ಗಾಳಿ ನಿನ್ನ ಬೆನ್ನಿಗಿರಲಿ, ಆಗ ದನಿ ಅವರತ್ತ ಸಾಗುತ್ತದೆ. ಹೊರೆ ಕೆಳಗಿಳಿಸಿ ಕೂರಿಸು. ಎರಡನೇ ಮಹಾಯುದ್ಧದಾಗ ಬರ್ಮಾದಲ್ಲಿ ಬ್ರಿಟಿಷ್ ಜನರಲ್ ಸ್ಲಿಮ್ ಗೂರ್ಖಾಗಳೊಡನೆ ಅವರ ಭಾಷೆಯಲ್ಲೂ ನಮ್ಮವರೊಡನೆ ಹಿಂದೂಸ್ತಾನಿಯಲ್ಲೂ ಮಾತಾಡುತ್ತಿದ್ದ. ನಿನ್ನ ಹುಡುಗರಿಗೆ ಮರಾಠಿ ಹತ್ತಿರವಾದರೆ ಮರಾಠಿಯಲ್ಲೇ ಆಡು.

ಎಲ್ಲಕ್ಕಿಂತ ಹೆಚ್ಚಾಗಿ, ‘ಸುಲಭದ ಕೆಲಸ’ ಅನ್ನಬೇಡ. ಮೊದಲ ಶೆಲ್ ಬಿದ್ದ ಕ್ಷಣ ಅದು ಸುಳ್ಳಾಗುತ್ತದೆ, ಆಮೇಲೆ ನೀನು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. 1944ರ ಜೂನ್ 6ರ ನಾರ್ಮಂಡಿ ದಾಳಿಗೆ ಮಿತ್ರಪಡೆಗಳ ದಂಡನಾಯಕ ಐಸೆನ್‌ಹೋವರ್ ಹಂಚಿಸಿದ ಕಾಗದ ಒಂದೇ ಪುಟದ್ದು. ಕೆಲಸ ಸುಲಭದ್ದಲ್ಲ, ಶತ್ರು ತರಬೇತಾದವನು, ಯುದ್ಧದಲ್ಲಿ ಪಳಗಿದವನು ಎಂದು ಅದರಲ್ಲಿ ನೇರವಾಗಿ ಬರೆದಿದ್ದ. ಅದರ ಬೆನ್ನಿಗೇ ಜರ್ಮನ್ನರು ಗೆಲ್ಲುತ್ತಿದ್ದ 1940–41ರ ಕಾಲ ಈಗಿಲ್ಲ, ವಿಮಾನದಾಳಿಯಿಂದ ಅವರ ಬಲ ಕುಗ್ಗಿದೆ, ಆಯುಧದಲ್ಲಿ ನಾವು ಮುಂದಿದ್ದೇವೆ ಎಂದು ಕಾರಣ ಕೊಟ್ಟ. ಕಷ್ಟ ಹೇಳಿದ ಮೇಲೆ ಆಸರೆ ಹೇಳಬೇಕು. ನೀನೂ ಹಾಗೇ ಮಾಡು: ಫಿರಂಗಿ ಎಷ್ಟು ನಿಮಿಷ ಹೊಡೆಯುತ್ತದೆ, ಎಡಕ್ಕೆ ಯಾವ ಪ್ಲಟೂನ್ ಇದೆ, ಗಾಯವಾದರೆ ಎತ್ತುವವರು ಯಾರು, ಎಲ್ಲಿಗೆ ಒಯ್ಯುತ್ತಾರೆ. ಗಾಯಾಳುವಿನ ಮಾತು ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಮನಸ್ಸಿನಲ್ಲಿ ಎಲ್ಲರೂ ಕೇಳುತ್ತಾರೆ. ನಿನ್ನ ಕೈಯಲ್ಲಿಲ್ಲದ ಹೆಲಿಕಾಪ್ಟರಿನ ಭರವಸೆ ಮಾತ್ರ ಕೊಡಬೇಡ. ಇನ್ನೊಂದು ಸಂಗತಿ. ಸೋತರೆ ತಪ್ಪೆಲ್ಲ ತನ್ನದೇ ಎಂದು ಐಸೆನ್‌ಹೋವರ್ ಬೇರೊಂದು ಚೀಟಿ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ. ಅಂಥ ಮನುಷ್ಯನ ಮಾತಿಗೇ ತೂಕ.

ನಮ್ಮ ತಾಳಿಕೋಟೆ ಯುದ್ಧವನ್ನೂ ನೆನಪಿಡು. 1565ರ ಜನವರಿಯಲ್ಲಿ ವಿಜಯನಗರದ ವಯಸ್ಸಾದ ರಾಮರಾಯ ರತ್ನಖಚಿತ ಆಸನದಲ್ಲಿ ಕೂತು, ಸುತ್ತ ಹಣದ ರಾಶಿ ಹಾಕಿಸಿ, ಶೌರ್ಯ ತೋರಿದವರಿಗೆ ಬಹುಮಾನವೆಂದ ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಅವನು ಸೆರೆಸಿಕ್ಕು, ಅವನ ತಲೆ ಈಟಿಯ ತುದಿಯಲ್ಲಿ ಕಂಡದ್ದೇ ತಡ, ಅಷ್ಟು ದೊಡ್ಡ ಸೈನ್ಯ ದಿಕ್ಕೆಟ್ಟು ಓಡಿತು. ಎಲ್ಲ ಧೈರ್ಯ ಒಬ್ಬನ ಮುಖಕ್ಕೆ ಕಟ್ಟಿಕೊಂಡಿದ್ದರೆ ಹೀಗಾಗುತ್ತದೆ. ಅದಕ್ಕೇ ನಿನ್ನ ನಂತರ ಯಾರು, ಅವನ ನಂತರ ಯಾರು ಎಂದು ಹೆಸರು ಹಿಡಿದು ಎಲ್ಲರೆದುರು ಹೇಳು. ಅದು ಅಪಶಕುನವಲ್ಲ.

ಶತ್ರುವನ್ನು ಹೀಗಳೆಯಬೇಡ. ಕೀಳೆಂದುಕೊಂಡವನ ಮುಂದೆ ಹುಡುಗರು ಮರೆ ಬಿಟ್ಟು ನಡೆಯುತ್ತಾರೆ, ಶರಣಾದವನ ಮೇಲೆ ಕೈ ಮಾಡುತ್ತಾರೆ. 2003ರಲ್ಲಿ ಇರಾಕಿಗೆ ಹೊರಟ ತನ್ನ ಬೆಟಾಲಿಯನ್‌ಗೆ ಬ್ರಿಟಿಷ್ ಲೆಫ್ಟಿನೆಂಟ್ ಕರ್ನಲ್ ಟಿಮ್ ಕಾಲಿನ್ಸ್ ಗೆದ್ದ ಮೇಲೆ ಉದಾರವಾಗಿರಿ ಎಂದು ಹೇಳಿಯೇ ಕಳಿಸಿದ.

ಜಯಘೋಷವನ್ನು ಮಾತಿನ ಕೊನೆಗೆ ಹಾಕಿಸಬೇಡ. ರಾತ್ರಿ ದನಿ ದೂರ ಹೋಗುತ್ತದೆ. ‘ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ’ ಕೊನೆಗೆ ಶತ್ರುವಿನ ಮೇಲೆ ನುಗ್ಗುವ ಹೊತ್ತಿಗೆ ಇರಲಿ. ಮಾತು ಮುಗಿದ ಮೇಲೆ ಸಾಲಿನುದ್ದಕ್ಕೂ ನಡೆದು, ಪ್ರತಿಯೊಬ್ಬನ ಹೆಸರು ಕರೆದು, ಗಾಯಕ್ಕೆ ಕಟ್ಟುವ ಪಟ್ಟಿ ಯಾವ ಜೇಬಿನಲ್ಲಿದೆ ಎಂದು ಮುಟ್ಟಿ ನೋಡು.

ಅವ್ವ ಆರಾಮ ಇದ್ದಾಳೆ. ಪತ್ರ ಬರೆ.

ಇತಿ ನಿನ್ನ ಕಾಕಾ