ಪಾರಾ ಅಂದರೆ ಕ್ಲಾಸು: ಗೆಳೆಯನಿಗೊಂದು ಪತ್ರ

ಮಂಜು,

ಹೆಂಗಿದ್ದೀಯಾ? ನಿನ್ನ ವಾಟ್ಸಾಪ್ ಮೆಸೇಜಿಗೆ ಎರಡು ಸಾಲಿನಲ್ಲಿ ಉತ್ತರ ಹೊಡೆಯೋಣ ಅಂತ ಕೂತೆ, ಆಗಲಿಲ್ಲ. ಅದಕ್ಕೇ ಈ ಪತ್ರ. ನಿನ್ನಂಥ ಮೇಷ್ಟ್ರುಗಳು ಇನ್ನೂ ನಾಲ್ಕು ಜನ ಇದ್ದಾರು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ಕೇಳಿದ್ದು ಇಷ್ಟೇ. "ನಿಮ್ಮ ಇಂಗ್ಲೆಂಡಿನ ಯೂನಿವರ್ಸಿಟಿಗಳು ಉಕ್ರೇನಿನ ಯೂನಿವರ್ಸಿಟಿಗಳ ಜೊತೆ ಜೋಡಿ ಆಗಿದ್ದೇವೆ ಅಂತ ಬಾವುಟ ಹಿಡಿದು ಫೋಟೋ ಹಾಕುತ್ತವಲ್ಲ, ಅದರಿಂದ ಒಬ್ಬ ಹುಡುಗನಿಗಾದರೂ ಉಪಯೋಗ ಆಯಿತಾ?"

ಬೇರೆ ಯಾರಾದರೂ ಕೇಳಿದ್ದರೆ ಕುಹಕ ಅಂದುಕೊಳ್ಳುತ್ತಿದ್ದೆ. ನಿನಗೆ ಕೇಳುವ ಹಕ್ಕಿದೆ. ನಿನ್ನ ಅಕ್ಕನ ಮಗ ಖಾರ್ಕಿವ್‌ನಲ್ಲಿ ಮೂರನೇ ವರ್ಷದ ಮೆಡಿಕಲ್‌ನಲ್ಲಿದ್ದಾಗಲೇ ಅಲ್ವಾ ಯುದ್ಧ ಶುರುವಾದದ್ದು. ಮಾರ್ಚ್ 1, 2022ರ ರಾತ್ರಿ ನೀನು ನನಗೆ ಫೋನ್ ಮಾಡಿದ್ದು ಇನ್ನೂ ನೆನಪಿದೆ. ಆವತ್ತು ಬೆಳಿಗ್ಗೆ ನಮ್ಮ ಕಡೆಯ ಹುಡುಗನೊಬ್ಬ ಆ ಊರಲ್ಲಿ ದಿನಸಿ ತರಲು ಹೋದವನು ವಾಪಸ್ ಬರಲಿಲ್ಲ ಅಂತ ಸುದ್ದಿ ಬಂದಿತ್ತು. ಹೆಸರು ಗೊತ್ತಾಗುವ ತನಕ ನಿಮ್ಮ ಅಕ್ಕ ನೀರು ಕೂಡ ಕುಡಿದಿರಲಿಲ್ಲ. ಮಾರನೇ ದಿನ ಇವರೆಲ್ಲ ಪೆಸೋಚಿನ್ ಅನ್ನುವ ಊರಿನ ತನಕ ಚಳಿಯಲ್ಲಿ ನಡೆದೇ ಹೋದರು.

ಅವನ ಡಿಗ್ರಿ ಸರ್ಟಿಫಿಕೇಟು ಈಗ ನಿಮ್ಮ ಮನೆ ಬೀರುವಿನಲ್ಲಿ ಇರಬೇಕು. ಕೊನೆಯ ವರ್ಷಗಳನ್ನು ಓದಿದ್ದು ಜಾರ್ಜಿಯಾದಲ್ಲಿ. ಆದರೆ ಮೇಲೆ ಯಾವ ಊರಿನ ಹೆಸರಿದೆ ನೋಡು. ಖಾರ್ಕಿವ್. ಸೆಪ್ಟೆಂಬರ್ 2022ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪಿದ್ದೇ ಹಾಗೆ: ಬೇರೆ ದೇಶದ ಕಾಲೇಜಿಗೆ ತಾತ್ಕಾಲಿಕವಾಗಿ ಹೋಗಬಹುದು, ಡಿಗ್ರಿ ಮಾತ್ರ ಉಕ್ರೇನಿನ ಮೂಲ ಯೂನಿವರ್ಸಿಟಿಯೇ ಕೊಡಬೇಕು. ಅಂದರೆ ಅಲ್ಲಿ ಯಾರೋ ಒಬ್ಬರು ಹಾಜರಿ ಪುಸ್ತಕ, ಅಂಕಪಟ್ಟಿ, ಸೀಲು ಎಲ್ಲ ಕಾಪಾಡಿಕೊಂಡು ಕೂತಿದ್ದರು. ಕಿಟಕಿ ಗಾಜು ಒಡೆದು ಪ್ಲೈವುಡ್ ಹೊಡೆದ ಆಫೀಸಿನಲ್ಲಿ ಕೂತಿದ್ದರೋ, ಮನೆಯ ಅಡುಗೆಮನೆಯಲ್ಲೋ, ಅಂತೂ ಕೂತಿದ್ದರು. ಆ ಯೂನಿವರ್ಸಿಟಿ ಮುಚ್ಚಿ ಹೋಗಿದ್ದರೆ ನಿಮ್ಮ ಹುಡುಗ ಎಲ್ಲಿಗೆ ವರ್ಗ ಆಗಿದ್ದರೂ ಹಿಂದೆ ಓದಿದ್ದಕ್ಕೆ ಗಟ್ಟಿ ದಾಖಲೆ ಸಿಗುತ್ತಿತ್ತಾ?

ನಿನ್ನ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇದೆ. ಒಳ್ಳೆಯವರನ್ನು ಆರಿಸಿ ಇಲ್ಲಿಗೆ ಕರೆದುಕೊಂಡು ಬರುವುದು ಒಂದು ಥರದ ಸಹಾಯ. ಅಲ್ಲಿರುವವರು ಅಲ್ಲೇ ಇದ್ದು, ಅಲ್ಲಿನ ಸಂಬಳಪಟ್ಟಿಯಲ್ಲೇ ಇದ್ದು, ಪಾಠ ನಿಲ್ಲಿಸದ ಹಾಗೆ ನೋಡಿಕೊಳ್ಳುವುದು ಇನ್ನೊಂದು ಥರ. ಫೋಟೋ ಚೆನ್ನಾಗಿ ಬರುವುದು ಮೊದಲನೆಯದರಲ್ಲಿ.

ಮೊದಲನೆಯದನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಕಾರಾ ಅಂತ ಒಂದು ಸಂಸ್ಥೆ ಇದೆ ಇಲ್ಲಿ, ಹಿಟ್ಲರನ ಜರ್ಮನಿಯಿಂದ ಓಡಿ ಬಂದ ಪ್ರೊಫೆಸರುಗಳಿಗಾಗಿ 1933ರಲ್ಲಿ ಶುರುವಾದದ್ದು. 2022ರಲ್ಲಿ ಬ್ರಿಟಿಷ್ ಅಕಾಡೆಮಿ ಜೊತೆ ಸೇರಿ ಉಕ್ರೇನಿನ ಸಂಶೋಧಕರಿಗೆ ಫೆಲೋಶಿಪ್ ಕೊಟ್ಟರು. ಬೇಕಾದದ್ದೇ. ಆದರೆ ಯುದ್ಧ ಶುರುವಾದ ದಿನದಿಂದ ಅಲ್ಲಿ 18ರಿಂದ 60 ವರ್ಷದ ಗಂಡಸರು ದೇಶ ಬಿಡುವ ಹಾಗಿಲ್ಲ (2025ರ ಆಗಸ್ಟ್‌ನಲ್ಲಿ 22ರ ತನಕದ ಹುಡುಗರಿಗೆ ಸಡಿಲ ಮಾಡಿದರು). ಹಾಗಾಗಿ ಬರಬಲ್ಲವರು ಹೆಚ್ಚಾಗಿ ಹೆಂಗಸರು. ಅವರಲ್ಲೂ ವಯಸ್ಸಾದ ಅಪ್ಪ ಅಮ್ಮ ಇಲ್ಲದವರು, ಇಂಗ್ಲಿಷ್ ಬಲ್ಲವರು. ಅವರು ಬಂದ ಮೇಲೆ ಹಿಂದೆ ಉಳಿದ ಇಲಾಖೆಯಲ್ಲಿ ಪಾಠ ಮಾಡುವವರು ಯಾರು?

ಇದಕ್ಕೇ ಜೋಡಿ ಮಾಡಿದ್ದು. 2022ರಲ್ಲಿ ಇಲ್ಲಿನ ಯೂನಿವರ್ಸಿಟೀಸ್ ಯುಕೆ ಅನ್ನುವ ಒಕ್ಕೂಟವೂ ಕಾರ್ಮಾಕ್ ಅನ್ನುವ ಸಲಹಾ ಸಂಸ್ಥೆಯೂ ಕೂತು, ಥೇಟ್ ನಮ್ಮೂರ ಮದುವೆ ದಲ್ಲಾಳಿಗಳ ಹಾಗೆ, ಇವರಿಗೆ ಅವರು, ಅವರಿಗೆ ಇವರು ಅಂತ ಹೊಂದಿಸಿದರು. 100ಕ್ಕೂ ಹೆಚ್ಚು ಜೋಡಿಗಳಾದವು. ಗ್ಲಾಸ್ಗೋಗೆ ಕೀವ್‌ನ ಮೊಹಿಲಾ ಅಕಾಡೆಮಿ. ಸಸೆಕ್ಸ್‌ಗೆ ಸುಮಿ. ಸುಮಿ ಗೊತ್ತಲ್ಲ, ನಮ್ಮ ದೇಶದ ಸುಮಾರು 700 ಮಕ್ಕಳು ಹಾಸ್ಟೆಲಿನಲ್ಲಿ ಸಿಕ್ಕಿಹಾಕಿಕೊಂಡು, ಹಿಮ ಕರಗಿಸಿ ನೀರು ಮಾಡಿಕೊಂಡು, ಮಾರ್ಚ್ 8ಕ್ಕೆ ಹೊರಗೆ ಬಂದದ್ದು ಅಲ್ಲಿಂದಲೇ. 2025ರ ಏಪ್ರಿಲ್ 13ರಂದು ಅದೇ ಸುಮಿಯ ಮೇಲೆ ಕ್ಷಿಪಣಿ ಬಿದ್ದು 30ಕ್ಕೂ ಹೆಚ್ಚು ಜನ ಸತ್ತರು, ಯೂನಿವರ್ಸಿಟಿಯ ಸಭಾಭವನವೂ ಹಾಳಾಯಿತು. ನಿಮ್ಮ ಹುಡುಗನ ಊರಿನ ಕಥೆಯೂ ಒಂದಿದೆ: ಖಾರ್ಕಿವ್‌ನ ಮೆಡಿಕಲ್ ಯೂನಿವರ್ಸಿಟಿಯ 20 ವಿದ್ಯಾರ್ಥಿಗಳು 2022ರ ಬೇಸಿಗೆಯಲ್ಲಿ ಕೇಂಬ್ರಿಜ್‌ಗೆ ಬಂದು ಕೆಲವು ವಾರ ಆಸ್ಪತ್ರೆಯ ವಾರ್ಡಿನಲ್ಲಿ ಕಲಿತು ಹೋದರು. ಮೆಡಿಕಲ್ ಓದುವವರಿಗೆ ರೋಗಿಯ ಮೈ ಮುಟ್ಟದೆ ಆನ್‌ಲೈನಿನಲ್ಲಿ ಎಷ್ಟು ದಿನ ಕಲಿಸುತ್ತೀಯಾ ಹೇಳು.

ಇನ್ನು ನನ್ನ ಪಾಲಿನದು. ದೊಡ್ಡದೇನಲ್ಲ. ವಾರಕ್ಕೊಂದು ಸ್ಟ್ಯಾಟಿಸ್ಟಿಕ್ಸ್ ಕ್ಲಾಸು, ಖಾರ್ಕಿವ್‌ನ ಒಬ್ಬ ಮೇಡಂ ಜೊತೆ ಸೇರಿ.

ಅಲ್ಲಿ ಕ್ಲಾಸಿಗೆ "ಪಾರಾ" ಅನ್ನುತ್ತಾರೆ. ಜೋಡಿ ಅಂತ ಅರ್ಥ, ಎರಡು ಪೀರಿಯಡ್ ಸೇರಿಸಿ 80 ನಿಮಿಷ. ಮೊದಲ ದಿನ ಮೇಡಂ "ಪಾರಾ ಮುಗಿಯಿತು" ಅಂದಾಗ ನಾನೊಬ್ಬನೇ ನಕ್ಕೆ. ಯಾಕೆ ನಗುತ್ತೀರಿ ಅಂತ ಕೇಳಿದರು. ನಮ್ಮ ಭಾಷೆಯಲ್ಲಿ ಪಾರಾದೆ ಅಂದರೆ ಬಚಾವಾದೆ ಅಂತ ಅರ್ಥ ಅಂದೆ. ಅವರು ಅದನ್ನು ವಿದ್ಯಾರ್ಥಿಗಳಿಗೆ ಉಕ್ರೇನಿಯನ್‌ನಲ್ಲಿ ಹೇಳಿದರು. ಸ್ಕ್ರೀನಿನಲ್ಲಿ ಒಂದೊಂದೇ ಚೌಕ ನಕ್ಕಿತು. ಆಮೇಲಿಂದ ಪ್ರತಿ ಕ್ಲಾಸಿನ ಕೊನೆಗೆ ಯಾರಾದರೊಬ್ಬರು "ಪಾರಾ!" ಅಂತ ಚಾಟಿನಲ್ಲಿ ಹಾಕುತ್ತಾರೆ.

ಮೇಡಂ ಪಾಠ ಮಾಡುವುದು ಮನೆಯ ಓಣಿಯಂಥ ಪ್ಯಾಸೇಜಿನಲ್ಲಿ. ಹಿಂದೆ ಗೋಡೆಗೆ ಕೋಟುಗಳು ನೇತಾಡುತ್ತಿರುತ್ತವೆ, ಒಂದು ಮಕ್ಕಳ ಸೈಕಲ್ಲು. ಯಾಕೆ ಅಲ್ಲೇ ಅಂದರೆ ಅಲ್ಲಿ ಎರಡು ಗೋಡೆಯ ನಿಯಮ ಅಂತ ಇದೆ. ಹೊರಗಿಗೂ ನಿನಗೂ ಮಧ್ಯೆ ಎರಡು ಗೋಡೆ ಇರಬೇಕು. ಮೊದಲ ಗೋಡೆ ಹೊಡೆತ ತಿನ್ನುತ್ತೆ, ಎರಡನೆಯದು ಚೂರುಗಳನ್ನು ತಡೆಯುತ್ತೆ. ಖಾರ್ಕಿವ್ ರಷ್ಯಾದ ಗಡಿಗೆ ಎಷ್ಟು ಹತ್ತಿರ ಅಂದರೆ, ಕೆಲವು ಸಲ ಸೈರನ್‌ಗಿಂತ ಮೊದಲೇ ಸದ್ದು ಬರುತ್ತದೆ. ನೆಲಮಾಳಿಗೆಗೆ ಓಡುವಷ್ಟು ಹೊತ್ತೇ ಇರುವುದಿಲ್ಲ. ಒಂದು ಸಲ ಸ್ಟ್ಯಾಂಡರ್ಡ್ ಡೀವಿಯೇಷನ್ ಹೇಳುತ್ತಾ ಇದ್ದವರು ಮಾತು ನಿಲ್ಲಿಸಿ, ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡು, "ದೂರ ಇದೆ" ಅಂದು ಮುಂದಿನ ಸ್ಲೈಡಿಗೆ ಹೋದರು. ನಮ್ಮಮ್ಮ ಒಲೆ ಮೇಲಿನ ಹಾಲಿನ ಸದ್ದು ಕೇಳಿಸಿಕೊಳ್ಳುತ್ತಿದ್ದರಲ್ಲ, ಹಾಗೆ.

ಕರೆಂಟಿನದು ಇನ್ನೊಂದು. 2022ರ ಅಕ್ಟೋಬರಿನಿಂದ ರಷ್ಯಾದವರು ಅಲ್ಲಿನ ವಿದ್ಯುತ್ ಜಾಲಕ್ಕೇ ಗುರಿಯಿಟ್ಟು ಹೊಡೆಯಲು ಶುರುಮಾಡಿದರು. ಯಾವ ಬಡಾವಣೆಗೆ ಯಾವ ಹೊತ್ತು ಕರೆಂಟಿಲ್ಲ ಅನ್ನುವ ಪಟ್ಟಿಗೆ ಅಲ್ಲಿ "ಗ್ರಾಫಿಕ್" ಅನ್ನುತ್ತಾರೆ. ನಾವು ಹಾಸ್ಟೆಲಿನಲ್ಲಿ ಲೋಡ್ ಶೆಡ್ಡಿಂಗ್ ಪಟ್ಟಿ ಗೋಡೆಗೆ ಅಂಟಿಸಿ ಪರೀಕ್ಷೆಗೆ ಓದಿದವರಲ್ವಾ, ಅದನ್ನು ಅವರಿಗೆ ಹೆಮ್ಮೆಯಿಂದ ಹೇಳಿದೆ. ಹೇಳಿದ ಮೇಲೆ ನಾಚಿಕೆಯಾಯಿತು. ನಮಗೆ ಮಳೆ ಇಲ್ಲದೆ ಡ್ಯಾಮು ಬತ್ತಿ ಕರೆಂಟು ಹೋಗುತ್ತಿತ್ತು. ಅವರಿಗೆ ಅದು ಬೇರೆ ಕಥೆ, ಹೊರಗೆ ಮೈನಸ್ ಹತ್ತು ಬೇರೆ.

ಈಗ ನೀನು ಕಾಯುತ್ತಿರುವ ದೂರಿನ ಭಾಗಕ್ಕೆ ಬರುತ್ತೇನೆ. ಫೋಟೋ ತೆಗೆಸಿಕೊಂಡ ದಿನದಿಂದ ಮೇಡಂ ಕೈಗೆ ನಮ್ಮ ಲೈಬ್ರರಿಯ ಲಾಗಿನ್ ಸಿಗುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ನಮ್ಮ ಕಂಪ್ಯೂಟರಿನಲ್ಲಿ ಇರುವುದು ಎರಡೇ ಜಾತಿ, ನೌಕರ ಇಲ್ಲಾ ಸಂದರ್ಶಕ. ಸಂದರ್ಶಕ ಅಂದರೆ ಕ್ಯಾಂಪಸ್ಸಿಗೆ ಬಂದು ಮೂಲ ಪಾಸ್‌ಪೋರ್ಟ್ ತೋರಿಸಬೇಕಂತೆ. ಖಾರ್ಕಿವ್‌ನಿಂದ! ವಿಮಾನ ಅಂತೂ ಇಲ್ಲ, ಆ ದೇಶದ ಆಕಾಶವೇ 2022ರಿಂದ ಬಂದ್, ರೈಲಿನಲ್ಲಿ ಇಡೀ ದೇಶ ದಾಟಿ ಪೋಲೆಂಡಿಗೆ ಬಂದು ಅಲ್ಲಿಂದ ಹಾರಬೇಕು. ದುಡ್ಡಿನದು ಅದಕ್ಕಿಂತ ಚೆಂದ. ನಮಗೆ ಸಿಕ್ಕ ಅನುದಾನದಲ್ಲಿ ಅವರಿಗೆ ವಿಮಾನದ ಟಿಕೆಟ್, ಹೋಟೆಲು ಕೊಡಬಹುದಿತ್ತು. ಬ್ಯಾಟರಿ ಕೊಡುವ ಹಾಗಿರಲಿಲ್ಲ, ಅದು "ಉಪಕರಣ" ಆಗುತ್ತದಂತೆ. ಇಕೋಫ್ಲೋ ಅಂತ ದೊಡ್ಡ ಬ್ಯಾಟರಿ ಪೆಟ್ಟಿಗೆ ಅಲ್ಲಿ ಈಗ ಮನೆಮಾತು, ನಮ್ಮಲ್ಲಿ ಇನ್ವರ್ಟರ್ ಇದ್ದ ಹಾಗೆ. ಒಂದು ಹೋಟೆಲ್ ವಾಸದ ದುಡ್ಡಲ್ಲಿ ಅದು ಬರುತ್ತಿತ್ತು. ಕೊನೆಗೆ ನಮ್ಮ ಇಲಾಖೆಯ ಒಂಬತ್ತು ಜನ ಕೈಯಿಂದ ಹಾಕಿ ಕಳಿಸಿದೆವು. ಪೆಟ್ಟಿಗೆ ತಲುಪಿದ ದಿನ ಅವರು ಕಳಿಸಿದ ಫೋಟೋದಲ್ಲಿ ಬಾವುಟ ಇರಲಿಲ್ಲ, ರೌಟರು ಮತ್ತು ಟೀ ಕೆಟಲು ಇತ್ತು.

ಎಲ್ಲಾ ಕಡೆ ಹೀಗೇ ಅಂತಲ್ಲ. ಜರ್ಮನಿಯ ಡಿಎಎಡಿ ಅನ್ನುವ ಶೈಕ್ಷಣಿಕ ವಿನಿಮಯ ಸಂಸ್ಥೆ 2022ರಲ್ಲೇ "ಉಕ್ರೇನ್ ಡಿಜಿಟಲ್" ಅಂತ ಒಂದು ಯೋಜನೆ ಮಾಡಿತು, ಅಲ್ಲಿಯವರ ಆನ್‌ಲೈನ್ ಪಾಠ ನಿಲ್ಲದಿರಲಿ ಅಂತಲೇ. ಅದು ಸರಿಯಾಗಿ ಯೋಚಿಸಿ ಮಾಡಿದ್ದು. ಉಕ್ರೇನೂ 2005ರಿಂದ ಯುರೋಪಿನ ಬೊಲೋನಿಯಾ ವ್ಯವಸ್ಥೆಯಲ್ಲಿ (ಬೇರೆ ಬೇರೆ ದೇಶಗಳ ಡಿಗ್ರಿಗಳು ಒಂದಕ್ಕೊಂದು ಹೊಂದುವ ಹಾಗೆ ಮಾಡಿಕೊಂಡ ಏರ್ಪಾಡು) ಇರುವುದರಿಂದ ಕ್ರೆಡಿಟ್ ಲೆಕ್ಕ ಹೊಂದುತ್ತದೆ: ಅಲ್ಲಿ ವರ್ಷಕ್ಕೆ 60, ಇಲ್ಲಿ 120, ಅಂದರೆ ನಮ್ಮ ಎರಡು ಅವರ ಒಂದಕ್ಕೆ ಸಮ. ನಾನು ಇಲ್ಲಿಂದ ಹೇಳಿದ ಪಾಠ ಅಲ್ಲಿನ ಅಂಕಪಟ್ಟಿಯಲ್ಲಿ ತೊಂದರೆಯಿಲ್ಲದೆ ಕೂರುತ್ತದೆ. ಬೇಜಾರಿನ ವಿಷಯ ಅನ್ನಿಸಿದರೂ ಇಡೀ ವ್ಯವಹಾರ ನಿಂತಿರುವುದು ಈ ಲೆಕ್ಕದ ಮೇಲೆ.

ಆದರೆ ಯೂನಿವರ್ಸಿಟಿಯನ್ನು ಹೊತ್ತುಕೊಂಡು ಹೋಗುವುದು ಹೇಗೆ ಅಂತ ಉಕ್ರೇನಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದೊನೆಟ್ಸ್ಕ್‌ನ ಯೂನಿವರ್ಸಿಟಿ 2014ರಲ್ಲೇ ವಿನ್ನಿತ್ಸಿಯಾಕ್ಕೆ ಗುಳೆ ಹೋಯಿತು. ಲುಹಾನ್ಸ್ಕ್‌ನದ್ದು ಒಂದು ಸಲ 2014ರಲ್ಲಿ, ಮತ್ತೊಂದು ಸಲ 2022ರಲ್ಲಿ, ಎರಡೆರಡು ಸಲ ಊರು ಬಿಟ್ಟಿತು. ಮರಿಯುಪೋಲ್‌ನದ್ದು ಈಗ ಕೀವ್‌ನಲ್ಲಿದೆ. ತಮ್ಮೂರಿನ ಕಟ್ಟಡ ಇಲ್ಲ, ಲ್ಯಾಬಿಲ್ಲ, ಹಾಜರಿ ಕರೆಯುವುದು ನಿಲ್ಲಿಸಿಲ್ಲ. ನಾವು ಅವರಿಗೆ ಕಲಿಸುತ್ತಿದ್ದೇವೆ ಅನ್ನುವ ಧಾಟಿ ಇಲ್ಲಿನ ಮೀಟಿಂಗುಗಳಲ್ಲಿ ಕೇಳಿದಾಗ ನನಗೆ ಮೈ ಉರಿಯುತ್ತದೆ. ಖಾರ್ಕಿವ್‌ನ ಕರಾಜಿನ್ ಯೂನಿವರ್ಸಿಟಿ ಶುರುವಾದದ್ದು 1804ರಲ್ಲಿ. ಮೆಚ್ನಿಕೋವ್, ಲಾಂಡೌ, ಕುಜ್ನೆಟ್ಸ್, ಮೂರು ನೊಬೆಲ್ ಹೆಸರುಗಳ ನಂಟಿದೆ ಅದಕ್ಕೆ. ನಾನು ಕೆಲಸ ಮಾಡುವ ಯೂನಿವರ್ಸಿಟಿ ಅದರ ಮುಂದೆ ಎಳೆ ಕೂಸು.

ನನಗೇ ಕಲಿಸಿದ ಒಂದು ದಿನದ ಕಥೆ ಹೇಳಿಬಿಡುತ್ತೇನೆ. ಕಾಲಸರಣಿ ಪಾಠ, ಅಂದರೆ ಒಂದೇ ಅಂಕಿ ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ ಅಂತ ನೋಡುವುದು. ನಮ್ಮ ಎಪಿಎಂಸಿಯ ಈರುಳ್ಳಿ ದರದ ಗೆರೆ ತೋರಿಸಿದೆ, ಏರಿಳಿತ ನೋಡಿ ಹುಡುಗರಿಗೆ ಖುಷಿಯೋ ಖುಷಿ. ನಿಮ್ಮೂರ ಮಾರುಕಟ್ಟೆಯದ್ದೂ ಒಂದು ತನ್ನಿ ಅಂದೆ. ಒಬ್ಬ ಹುಡುಗ ಬರಬಾಶೋವೊ ಸಂತೆಯ ಅಂಗಡಿಯೊಂದರ ದಿನದ ವ್ಯಾಪಾರದ ಲೆಕ್ಕ ತಂದ. ಅವನ ಅತ್ತೆಯ ಅಂಗಡಿಯಂತೆ. ಗೆರೆ ಚೆನ್ನಾಗಿಯೇ ಹೋಗುತ್ತಾ ಹೋಗುತ್ತಾ 2022ರ ಫೆಬ್ರವರಿ ಕೊನೆಗೆ ನಿಂತುಬಿಟ್ಟಿತ್ತು. ಆಮೇಲೆ ಖಾಲಿ. ತುಂಬ ದಿನಗಳ ಮೇಲೆ ಮತ್ತೆ ಕೆಳಗಡೆ ಎಲ್ಲೋ ಶುರು. ನಾನು ವಾಡಿಕೆಯಂತೆ, ಖಾಲಿ ಜಾಗ ಇದ್ದರೆ ಹಿಂದಿನದು ಮುಂದಿನದು ನೋಡಿ ಮಧ್ಯದ ಬೆಲೆ ತುಂಬಬಹುದು ಅಂದೆ. ಅವನು ಕೇಳಿದ: "ಸರ್, ಆ ಮಾರ್ಚ್‌ನಲ್ಲಿ ಸಂತೆಗೆ ಬೆಂಕಿ ಬಿದ್ದಿತ್ತು. ಇದು ಕಳೆದುಹೋದ ಅಂಕಿ ಅಲ್ಲ. ಸೊನ್ನೆ ಬರೆಯಲಾ, ಖಾಲಿ ಬಿಡಲಾ?"

ಮೇಡಂ ಏನೂ ಹೇಳಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಿಂದ ಈ ಪಾಠ ಹೇಳಿದ್ದೇನೆ ಮಂಜು. ಅಂಕಿ ಯಾಕೆ ಇಲ್ಲ ಅನ್ನುವುದೇ ಮೊದಲ ಪ್ರಶ್ನೆ ಅಂತ ನಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದವನು. ಆವತ್ತಿನ ಉಳಿದ ಪಾರಾ ಪೂರ್ತಿ ಆ ಖಾಲಿ ಜಾಗದ ಮೇಲೇ ಹೋಯಿತು. ಸೊನ್ನೆ ಬರೆದರೆ ಅಂಗಡಿ ತೆರೆದು ಯಾರೂ ಬರಲಿಲ್ಲ ಅಂತಾಗುತ್ತದೆ ಅಂತ ಒಬ್ಬಳು ವಾದಿಸಿದಳು. ಈ ಟರ್ಮಿನಲ್ಲಿ ಇಲ್ಲಿನ ನನ್ನ ವಿದ್ಯಾರ್ಥಿಗಳಿಗೂ ಆ ಹುಡುಗನ ಗೆರೆಯನ್ನೇ ತೋರಿಸಿದೆ, ಅವನನ್ನು ಕೇಳಿಯೇ.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ಯುದ್ಧಕ್ಕೆ ಮುಂಚೆ ನಮ್ಮ ದೇಶದ ಸುಮಾರು 18,000 ಮಕ್ಕಳು ಉಕ್ರೇನಿನಲ್ಲಿ ಓದುತ್ತಿದ್ದರು. ಭಾರತದ ಖಾಸಗಿ ಸೀಟಿನ ರೇಟು ಕೊಡಲಾಗದೆ ಹೋದವರೇ ಜಾಸ್ತಿ. ಮಕ್ಕಳು ಸುರಕ್ಷಿತವಾಗಿ ಬಂದರು, ಸಂತೋಷ. ಆಮೇಲೆ ನಾವು ಆ ಕಾಲೇಜುಗಳಿಗೆ ಬರೆದ ಪತ್ರಗಳಲ್ಲಿ ಇದ್ದದ್ದು ಏನು? ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ, ಯಾವಾಗ ಕಳಿಸುತ್ತೀರಿ ಅಂತ. ನಿಮ್ಮ ಮನೆಯಿಂದ ಹೋದ ಇಮೇಲುಗಳನ್ನು ನಾನೇ ತಿದ್ದಿಕೊಟ್ಟಿದ್ದೇನಲ್ಲ, ಅದರಲ್ಲಿ "ನೀವು ಹೇಗಿದ್ದೀರಿ" ಅನ್ನುವ ಸಾಲು ನನಗೂ ಹೊಳೆದಿರಲಿಲ್ಲ.

ಅದಕ್ಕೇ ಒಂದು ಕೆಲಸ ಹಚ್ಚುತ್ತಿದ್ದೇನೆ, ಸುಮ್ನೆ ತಪ್ಪಿಸಿಕೊಳ್ಳಬೇಡ. ಸ್ಯಾಂಪ್ಲಿಂಗ್ ನನಗಿಂತ ನೀನು ಚೆನ್ನಾಗಿ ಪಾಠ ಮಾಡುತ್ತೀಯಾ. ಮುಂದಿನ ತಿಂಗಳು ಎರಡು ಗುರುವಾರ ನನಗೆ ಇಲ್ಲಿ ಪರೀಕ್ಷೆ ಕೆಲಸ. ಆ ಎರಡು ಪಾರಾ ನೀನು ತೆಗೆದುಕೋ. ಅವರ ಬೆಳಿಗ್ಗೆ ಹತ್ತು ಅಂದರೆ ಚಳಿಗಾಲದಲ್ಲಿ ನಿನಗೆ ಮಧ್ಯಾಹ್ನ ಒಂದೂವರೆ, ಊಟ ಬೇಗ ಮುಗಿಸು. ನಿಮ್ಮ ಕಾಲೇಜಿನ ಪರ್ಮಿಷನ್, ಒಪ್ಪಂದ ಪತ್ರ ಏನೂ ಬೇಡ, ಮೇಡಂ ಹತ್ತಿರ ಮಾತಾಡಿದ್ದೇನೆ. ಮಕ್ಕಳಿಗೆ ನಿಧಾನವಾದ ಇಂಗ್ಲಿಷ್ ಅರ್ಥವಾಗುತ್ತದೆ. ಸ್ಲೈಡಿನಲ್ಲಿ ಚಿತ್ರಗಳು ಬೇಡ, ಫೋನಿನ ಇಂಟರ್ನೆಟ್ಟಿನಲ್ಲಿ ತೆರೆಯುವುದಿಲ್ಲ. ಕ್ಲಾಸು ಮುಗಿದ ತಕ್ಷಣ ರೆಕಾರ್ಡಿಂಗ್ ಹಾಕಿಬಿಡು, ಒಬ್ಬ ಹುಡುಗ ಈಗ ಸೇನೆಯಲ್ಲಿದ್ದಾನೆ, ಅವನು ರಾತ್ರಿ ಸಿಕ್ಕಾಗ ಕೇಳುತ್ತಾನೆ. ಮಧ್ಯೆ ಯಾರಾದರೂ ಮಾಯವಾದರೆ ಹೆಸರು ಕರೆಯುತ್ತಾ ಕೂರಬೇಡ, ಬರುತ್ತಾರೆ.

ಗ್ರಾಫಿಕ್ ಹಿಂದಿನ ದಿನ ಸಂಜೆ ಬರುತ್ತದೆ. ಬಂದ ಕೂಡಲೇ ನಿನಗೆ ವಾಟ್ಸಾಪ್ ಮಾಡುತ್ತೇನೆ. ಅಕ್ಕನಿಗೆ ನಮಸ್ಕಾರ ಹೇಳು.

ನಿನ್ನ,
ಶಿವು