ಕಪ್ಪು ಅಂದ್ರೆ ಕೆಟ್ಟದ್ದೇ ಅಂತ ಕೇಳಿದ್ದೀಯಲ್ಲ

ಸುಮಾ,

ನಿನ್ನ ಪತ್ರ ಬಂದು ಮೂರು ದಿನ ಆಯ್ತು. ಆಪರೇಷನ್ ವಿಷಯ, ಪಾಪು ಹಾಲು ಕುಡಿಯೋ ವಿಷಯ ಎಲ್ಲ ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ಅದನ್ನು ಬಿಡು. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ದೊಡ್ಡಮ್ಮ, ಗಡ್ಡೆ ಒಳಗೆಲ್ಲ ಕಪ್ಪಗಿತ್ತಂತೆ. ಕಪ್ಪು ಅಂದ್ರೆ ಕೆಟ್ಟ ಕ್ಯಾನ್ಸರ್ರೇ ಅಲ್ವಾ?" ಅಂತ, ಅದು ನನಗೆ ನಿದ್ದೆ ಕೊಡುತ್ತಿಲ್ಲ.

ಅಲ್ಲ ಕಣೇ. ಬಣ್ಣ ನೋಡಿ ಹಾಗೆ ಹೇಳೋಕೆ ಬರಲ್ಲ.

ಆ ಕಪ್ಪು ಮೆಲನಿನ್. ಪಾಪುವಿನ ಕೂದಲಿಗೆ ಬಣ್ಣ ಕೊಟ್ಟಿರುವುದೂ ಅದೇ. ಮಗು ಹೊಟ್ಟೆಯಲ್ಲಿ ಕೆಲವೇ ವಾರದ್ದಿರುವಾಗ ಅದರ ಬೆನ್ನುದ್ದಕ್ಕೂ ಇರುವ ಕೋಶಗಳ ಒಂದು ಸಾಲು ಎದ್ದು ದಿಕ್ಕುದಿಕ್ಕಿಗೆ ಹೊರಡುತ್ತದೆ. ನ್ಯೂರಲ್ ಕ್ರೆಸ್ಟ್ ಅಂತಾರೆ. ಅದರಲ್ಲಿ ಕೆಲವು ಮುಖದ ಮೂಳೆ ಆಗುತ್ತವೆ, ಕೆಲವು ನರ, ಕೆಲವು ಚರ್ಮದ ಬಣ್ಣದ ಕೋಶ. ನಿನ್ನ ಮಗುವಿನ ನೆತ್ತಿಯ ಗಡ್ಡೆ ಆ ವಂಶದ್ದು, ಅದಕ್ಕೇ ಕಪ್ಪು. 1918ರಲ್ಲಿ ಇದನ್ನು ಮೊದಲು ವಿವರಿಸಿದ ಕ್ರೊಂಪೆಕರ್ ಅನ್ನುವ ಡಾಕ್ಟರ್ ಕೂಡ ಕಪ್ಪು ನೋಡಿ ಕ್ಯಾನ್ಸರ್ ಅಂತಲೇ ಹೆಸರಿಟ್ಟಿದ್ದರು. 1966ರಲ್ಲಿ ಬೊರೆಲೊ, ಗೊರ್ಲಿನ್ ಅನ್ನುವವರು ಇಂಥ ಮಗುವಿನ ಮೂತ್ರದಲ್ಲಿ ನರಕೋಶದ ಗಡ್ಡೆಗಳಲ್ಲಿ ಸಿಗುವ ವಿಎಂಎ ಅನ್ನುವ ರಾಸಾಯನಿಕ ಜಾಸ್ತಿ ಇದ್ದದ್ದು ಕಂಡರು. ಮೂಲ ಗೊತ್ತಾಯಿತು, ಹೆಸರು ಬದಲಾಯಿತು. ನಿನ್ನ ರಿಪೋರ್ಟಿನಲ್ಲಿರುವ ಆ ಉದ್ದದ ಹೆಸರು, ಮೆಲನಾಟಿಕ್ ನ್ಯೂರೋಎಕ್ಟೋಡರ್ಮಲ್ ಟ್ಯೂಮರ್ ಆಫ್ ಇನ್ಫೆನ್ಸಿ, ಅವರದ್ದೇ.

ಈ ಮಾತು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಲ್ಯಾಬಿಗೆ ಸೇರಿದ ಹೊಸದು. ಐದು ತಿಂಗಳ ಮಗುವಿನ ಮೇಲ್ದವಡೆಯಿಂದ ತೆಗೆದ ತುಂಡು ಬಂದಿತ್ತು. ಕೊಯ್ದರೆ ಒಳಗೆಲ್ಲ ಮಸಿ. ಸಂಜೆ ಅದರ ತಾಯಿ ಕಿಟಕಿ ಹತ್ತಿರ ಬಂದು ಕೇಳಿದಳು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಿದ್ದಳು, ಊತ ಅದರ ಪಕ್ಕದಲ್ಲೇ. ನಾನು ಬಾಯಿ ಬಿಟ್ಟೆ. "ಕಪ್ಪಗಿದೆಯಮ್ಮ, ಒಳ್ಳೇದಲ್ಲ ಅನ್ಸುತ್ತೆ" ಅಂದೆ. ಮಾರನೇ ದಿನ ಅವರ ಮಂಚ ಖಾಲಿ.

ಸ್ಲೈಡ್ ಆಮೇಲೆ ಆಯಿತು. ಬಣ್ಣ ಎಷ್ಟು ದಟ್ಟ ಅಂದರೆ ಏನೂ ಕಾಣದು. ಪರ್ಮಾಂಗನೇಟಿನಲ್ಲಿ ಅದ್ದಿ, ಆಕ್ಸಾಲಿಕ್ ಆಸಿಡ್ಡಿನಲ್ಲಿ ತೊಳೆದೆ. ಕಪ್ಪು ಹೋಯಿತು. ನಡುವೆ ಸಾಸಿವೆ ಚೆಲ್ಲಿದಂಥ ಸಣ್ಣ ನೀಲಿ ಕೋಶಗಳು, ಸುತ್ತ ದೊಡ್ಡ ಕೋಶಗಳ ಬೇಲಿ. ನಮ್ಮ ಡಾಕ್ಟರ್ ತುಂಬಾ ಹೊತ್ತು ನೋಡಿ, "ಇದು ಆಪರೇಷನ್ನಿಂದ ವಾಸಿ ಆಗೋದೇ ಹೆಚ್ಚು" ಅಂದರು. ಆ ತಾಯಿಗೆ ಕಾರ್ಡ್ ಹಾಕಿದೆವು. ವಾಪಸ್ ಬಂತು. ಕಪ್ಪು ಅಂದ್ರೆ ಕೆಟ್ಟದ್ದು ಅಂತ ಅವಳ ತಲೆಗೆ ತುಂಬಿದವಳು ನಾನು.

ಅದಕ್ಕೇ ನಿನಗೆ ಪೂರ್ತಿ ಹೇಳುತ್ತೇನೆ, ಅರ್ಧ ಅಲ್ಲ. ಇದು ಬೇಗ ಬೆಳೆಯುತ್ತೆ, ಕೆಲವರಲ್ಲಿ ಮತ್ತೆ ಬರುತ್ತೆ, ಬಂದರೆ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ. ಕೆಲವೇ ಕೆಲವು ಮಕ್ಕಳಲ್ಲಿ ನಿಜಕ್ಕೂ ಕೆಟ್ಟದ್ದಾಗುತ್ತೆ. ಹೇಳಿದ ದಿನಕ್ಕೆ ಸ್ಕ್ಯಾನ್ ತಪ್ಪಿಸಬೇಡ.

ಈಗ ಕಳಿಸಿದ್ದಾರಲ್ಲ ಮಿಥೈಲೇಷನ್ ಪರೀಕ್ಷೆ, ನಮ್ಮ ಕಾಲದಲ್ಲಿ ಅದು ಇರಲಿಲ್ಲ. ಡಿಎನ್‌ಎ ಮೇಲೆ ಅಲ್ಲಲ್ಲಿ ಸಣ್ಣ ಗುರುತುಗಳಿರುತ್ತವೆ. ಕೋಶ ಯಾವ ಮನೆಯದು ಅಂತ ಅವು ಹೇಳುತ್ತವೆ. ಲಕ್ಷಾಂತರ ಜಾಗದಲ್ಲಿ ಆ ಗುರುತು ಓದಿ, ಗೊತ್ತಿರುವ ಗಡ್ಡೆಗಳ ಜೊತೆ ಹೋಲಿಸುತ್ತಾರೆ. ಮೆದುಳಿನ ಗಡ್ಡೆಗಳನ್ನು ಹೀಗೆ ವಿಂಗಡಿಸುವ ಕ್ರಮವನ್ನು ಜರ್ಮನಿಯ ಹೈಡೆಲ್‌ಬರ್ಗ್‌ನವರು 2018ರಲ್ಲಿ ಪ್ರಕಟಿಸಿದರು. ಮೆದುಳಿನ ಒಳಗೇ ಹುಟ್ಟಿದ ಇಂಥ ಕೆಲವು ಗಡ್ಡೆಗಳ ಗುರುತು ಮೆಡುಲ್ಲೋಬ್ಲಾಸ್ಟೋಮಾ ಅನ್ನುವ ಮೆದುಳಿನ ಕ್ಯಾನ್ಸರನ್ನು ಹೋಲಿದ್ದೂ ಇದೆ. ನೋಡೋಕೆ ಒಂದೇ, ಒಳಗೆ ಬೇರೆ. ಪಾಪುವಿನದು ಮೂಳೆಯಲ್ಲಿ ಹುಟ್ಟಿದ್ದು, ಆದರೂ ನೋಡಿಬಿಡೋಣ ಅಂತ ಡಾಕ್ಟರ್ ಕಳಿಸಿದ್ದು ಒಳ್ಳೇದೇ ಆಯ್ತು. ಇಲ್ಲೂ ಬಣ್ಣಕ್ಕೆ ಲೆಕ್ಕವಿಲ್ಲ ನೋಡು.

ನಾನು ಡಾಕ್ಟರ್ ಅಲ್ಲ, ಜಾಸ್ತಿ ಹೇಳಿದರೆ ಕ್ಷಮಿಸು. ಗಡ್ಡೆಯ ತುಂಡು ಇಟ್ಟಿರುವ ಮೇಣದ ಬ್ಲಾಕು, ಸ್ಲೈಡು ಎಲ್ಲಿವೆ ಅಂತ ಕೇಳಿ ಬರೆದಿಟ್ಟುಕೋ, ಮುಂದೆ ಬೇರೆಯವರಿಗೆ ತೋರಿಸೋಕೆ ಬೇಕಾಗಬಹುದು. ಅಂಚಿನಲ್ಲಿ ಏನೂ ಉಳಿಯದಂತೆ ಗಡ್ಡೆ ಪೂರ್ತಿ ಬಂದಿದೆಯಾ ಅಂತಲೂ ಕೇಳು. ರಾತ್ರಿ ಮೊಬೈಲಿನಲ್ಲಿ ಸುಮ್ನೆ ಹುಡುಕಬೇಡ ಅಂದರೆ ಕೇಳುತ್ತೀಯೋ ಇಲ್ಲವೋ.

ರಿಪೋರ್ಟ್ ಬಂದ ದಿನ ಎಷ್ಟೊತ್ತಾದರೂ ಫೋನ್ ಮಾಡು. ಮೊದಲ ಸಾಲಿನಿಂದ ನಿಧಾನಕ್ಕೆ ಓದು, ನಾನು ಕೇಳಿಸಿಕೊಳ್ಳುತ್ತೇನೆ.

ನಿನ್ನ ದೊಡ್ಡಮ್ಮ